ಮುರಿದು ನೋಡುತ್ತಿದ್ದ ಅಕ್ಕ

ಕಳೆದ ತಿಂಗಳು ನಮ್ಮ ಕಾಲೇಜಿನ ಟೆಸ್ಟಿಂಗ್ ಲ್ಯಾಬಿನ ಅಕ್ಕ ನಿವೃತ್ತರಾದರು. ಸೆಮಿನಾರ್ ಹಾಲಿನಲ್ಲಿ ಒಂದು ಸಣ್ಣ ಸಭೆ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತಾಡಿದವರೆಲ್ಲ ಅವರ ಸಮಯಪಾಲನೆಯನ್ನು ಬಾಯ್ತುಂಬ ಹೊಗಳಿದರು. ಅದು ಶುದ್ಧ ಸುಳ್ಳು. ಅಕ್ಕ ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದರು. ರೈಲು ತಡವಾದರೆ ಅವರೂ ತಡ. ರೈಲು ಸರಿಯಾದ ಹೊತ್ತಿಗೆ ಬಂದ ದಿನ ತುಮಕೂರು ಸ್ಟೇಷನ್ನಿನಿಂದ ಕಾಲೇಜಿನ ಗೇಟಿನವರೆಗೆ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಬಂದು ಇನ್ನೂ ತಡ. ವೇದಿಕೆಯ ಮೇಲೆ ಅಕ್ಕ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ಪಾಪ, ಅಳುತ್ತಿದ್ದಾರೆ ಎಂದು ಪಕ್ಕದವರು ನೀರಿನ ಬಾಟಲಿ ಮುಂದೆ ಸರಿಸಿದರು. ಅವರು ನಗು ತಡೆಯಲು ಒದ್ದಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು.

ನನಗೂ ಎರಡು ನಿಮಿಷ ಕೊಟ್ಟಿದ್ದರು. 'ನಮ್ಮ ವಿಭಾಗಕ್ಕೆ ತುಂಬಲಾರದ ನಷ್ಟ' ಎಂದೇನೋ ಹೇಳಿ ಇಳಿದುಬಿಟ್ಟೆ. ಹೇಳಬೇಕಾದದ್ದು ಎರಡು ನಿಮಿಷಕ್ಕೆ ಮುಗಿಯುವಂಥದ್ದಾಗಿರಲಿಲ್ಲ. ಆಮೇಲೆ ಫೋನ್ ಮಾಡಿ, "ಅಕ್ಕಾ, ನಿಮ್ಮ ಬಗ್ಗೆ ಬರೀಲಾ?" ಎಂದು ಕೇಳಿದೆ.

"ಬರಿ. ಹೆಸ್ರು ಮಾತ್ರ ಹಾಕ್ಬೇಡ ಕಣೇ. ಗುಬ್ಬಿಲಿ ಎಲ್ರೂ ಓದ್ಬಿಟ್ಟು, ಏನಮ್ಮ ಪೇಪರಲ್ಲಿ ಬಂದಿದೀಯ ಅಂತ ನಿಲ್ಸಿ ನಿಲ್ಸಿ ಕೇಳ್ತಾರೆ. ಸಂತೆಗೆ ಹೋದ್ರೆ ವಾಪಸ್ ಬರಕ್ಕಾಗಲ್ಲ" ಎಂದರು.

ಆದ್ದರಿಂದ ಇಲ್ಲಿ ಅವರು ಬರೀ ಅಕ್ಕ.

ನಾನು ಆ ಕಾಲೇಜಿಗೆ ಸೇರಿದಾಗ ನನಗೆ ಇಪ್ಪತ್ತಾರು. ಎಂ.ಟೆಕ್ ಮುಗಿಸಿದ ಬಿಸಿ ಇನ್ನೂ ಆರಿರಲಿಲ್ಲ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬುಡದ ನಮ್ಮೂರಿನಿಂದ ಎಂಜಿನಿಯರಿಂಗ್ ಓದಿ ಲೆಕ್ಚರರ್ ಆದ ಹುಡುಗಿ ಎಂಬ ಜಂಬವೂ ಸ್ವಲ್ಪ ಇತ್ತು. ವಸ್ತುಗಳನ್ನು ಮುರಿದು ಅವುಗಳ ಬಲ ಅಳೆಯುವ ಟೆಸ್ಟಿಂಗ್ ಲ್ಯಾಬಿನ ಉಸ್ತುವಾರಿ ನನಗೆ ಬಂತು. ಅಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದವರು ಅಕ್ಕ. ಡಿಪ್ಲೊಮಾ ಓದಿದವರು, ವಯಸ್ಸಿನಲ್ಲಿ ನನಗಿಂತ ಹದಿನೆಂಟು ವರ್ಷ ದೊಡ್ಡವರು, ಹುದ್ದೆಯಲ್ಲಿ ನನ್ನ ಕೆಳಗಿನವರು.

ಮೊದಲ ದಿನ ಲ್ಯಾಬಿನೊಳಗೆ ಕಾಲಿಟ್ಟಾಗ ಅವರು ಎರಡನೇ ವರ್ಷದ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಪೆನ್ಸಿಲ್ ಕಡ್ಡಿ ಮುರಿಸುತ್ತಿದ್ದರು. ಒತ್ತುವ ಪೆನ್ಸಿಲ್ಲಿಗೆ ಹಾಕುತ್ತಾರಲ್ಲ, ಆ ತೆಳ್ಳನೆಯ ಕಡ್ಡಿಗಳು. ಎರಡು ಪುಸ್ತಕಗಳ ನಡುವೆ ಒಂದು ಕಡ್ಡಿ ಮಲಗಿಸಿ, ಅದರ ಮಧ್ಯಕ್ಕೆ ದಾರದಿಂದ ಕಾಗದದ ಲೋಟ ತೂಗುಹಾಕಿದ್ದರು. ಒಬ್ಬ ಹುಡುಗಿ ಆ ಲೋಟಕ್ಕೆ ಚಮಚದಿಂದ ರಾಗಿ ಸುರಿಯುತ್ತಿದ್ದಳು. ಕಡ್ಡಿ ಮುರಿದ ಕೂಡಲೇ ರಾಗಿ ತೂಗಬೇಕು, ಬರೆದುಕೊಳ್ಳಬೇಕು, ಇನ್ನೊಂದು ಕಡ್ಡಿ ಇಡಬೇಕು.

"ಒಂದೇ ಡಬ್ಬಿ ಕಡ್ಡಿ. ಒಂದೇ ಕಂಪನಿದು. ಒಂದು ಮೂರು ಚಮಚಕ್ಕೆ ಮುರೀತು, ಇನ್ನೊಂದು ಏಳು ಚಮಚ ತಡ್ಕೊಂತು. ಯಾಕ್ರಪ್ಪಾ?" ಎಂದು ಅಕ್ಕ ಕೇಳುತ್ತಿದ್ದರು.

ಹುಡುಗರು ಏನೇನೋ ಹೇಳಿದರು. ಕೈ ನಡುಗಿತು, ಫ್ಯಾನ್ ಗಾಳಿ ಬಂತು, ಲೋಟ ಅಲುಗಾಡಿತು. ಅಕ್ಕ ಫ್ಯಾನ್ ಆರಿಸಿದರು. ಮತ್ತೆ ಹತ್ತು ಕಡ್ಡಿ ಮುರಿಸಿದರು. ಲೆಕ್ಕ ಹಾಗೇ ಚೆಲ್ಲಾಪಿಲ್ಲಿ ಬಂತು. "ಈಗ ಗಾಳಿನೂ ಇಲ್ಲ. ಈಗೇನಂತೀರಾ?"

ಅಕ್ಕನ ಹಣೆಯ ಮೇಲೆ ಬೆಳಗಿನ ವಿಭೂತಿ, ಅದರ ಕೆಳಗೆ ಬೆವರು ಒರೆಸಿಕೊಂಡಾಗ ಮೆತ್ತಿಕೊಂಡ ಗ್ರಾಫೈಟಿನ ಕರಿ. ಸೀರೆಯ ಮೇಲೆ ತೊಟ್ಟ ನೀಲಿ ಕೋಟಿನ ಜೇಬಿನಲ್ಲಿ ಸೀಮೆಸುಣ್ಣ, ಅಳತೆ ಪಟ್ಟಿ, ಒಂದು ಭೂತಗನ್ನಡಿ. ಆ ಭೂತಗನ್ನಡಿ ಇಲ್ಲದ ಅಕ್ಕನನ್ನು ನಾನು ನೋಡಿದ್ದೇ ಇಲ್ಲ. ಏನೇ ಮುರಿದರೂ ಅದರ ಎರಡು ತುಂಡನ್ನೂ ಎತ್ತಿಕೊಂಡು, ಕಿಟಕಿ ಹತ್ತಿರ ಹೋಗಿ, ಒಡೆದ ಮುಖವನ್ನು ನೋಡುತ್ತಿದ್ದರು. "ಬಿಸಾಕ್ಬೇಡ್ರೋ, ಅದರ ಮುಖ ನೋಡಿ ಮೊದ್ಲು" ಎನ್ನುವುದು ದಿನಕ್ಕೆ ಇಪ್ಪತ್ತು ಸಲ ಕೇಳಿಸುತ್ತಿತ್ತು.

ಪರೀಕ್ಷೆಯ ಮಿಷನ್ನಿನಲ್ಲಿ ಪೀಸ್ ಇಟ್ಟು ಭಾರ ಏರಿಸುವಾಗ ಅಕ್ಕನ ಎಡಗೈ ತಾನಾಗಿ ಮೇಲೇಳುತ್ತಿತ್ತು. ಯಾರೂ ಮಾತಾಡಬಾರದು. ಅವರೂ ಉಸಿರು ಬಿಗಿಹಿಡಿಯುತ್ತಿದ್ದರು. ಟಪ್ ಎಂದಾಗ ಕೈ ಇಳಿಸಿ, "ಹಾಂ, ಹೇಳ್ತು" ಎನ್ನುತ್ತಿದ್ದರು. ಸಾವಿರಾರು ಸಲ ಆ ಸದ್ದು ಕೇಳಿದವರು, ಪ್ರತಿ ಸಲವೂ ಮೊದಲ ಸಲದ ಹಾಗೆ ಸಂತೋಷಪಡುತ್ತಿದ್ದರು. ನನಗೆ ಅದು ಆಗ ಸ್ವಲ್ಪ ಬಾಲಿಶವಾಗಿ ಕಂಡಿತ್ತು ಎಂದು ಒಪ್ಪಿಕೊಳ್ಳಲೇಬೇಕು.

ನಾನು ಸೇರಿದ ಆರನೇ ತಿಂಗಳಲ್ಲೋ ಏನೋ, ಊರಾಚೆಯ ಇಂಡಸ್ಟ್ರಿಯಲ್ ಏರಿಯಾದಿಂದ ಒಬ್ಬ ಯಜಮಾನರು ಲ್ಯಾಬಿಗೆ ಬಂದರು. ಗೂಳೂರಿನವರು. ಹತ್ತು ಹನ್ನೆರಡು ಜನ ಕೆಲಸ ಮಾಡುವ ಸಣ್ಣ ವರ್ಕ್‌ಶಾಪ್ ಅವರದು. ಹೊರಗಿನಿಂದ ಗ್ರಾಫೈಟ್ ದಿಮ್ಮಿ ತರಿಸಿ, ಕೊಯ್ದು, ಕೊರೆದು ಬೇರೆ ಬೇರೆ ಕಾರ್ಖಾನೆಗಳಿಗೆ ಬೇಕಾದ ಭಾಗಗಳನ್ನು ಮಾಡಿಕೊಡುತ್ತಿದ್ದರು. ಗ್ರಾಫೈಟ್ ಎಂದರೆ ಪೆನ್ಸಿಲ್ಲಿನೊಳಗಿನ ಅದೇ ಕರಿ ವಸ್ತು. ಮರದ ಹಾಗೆ ಕೊಯ್ಯಬಹುದು, ಕುಲುಮೆಯಲ್ಲಿಟ್ಟರೂ ಕರಗುವುದಿಲ್ಲ. ಆದರೆ ಕಬ್ಬಿಣದಂತೆ ಮೊದಲು ಬಾಗಿ ಎಚ್ಚರಿಕೆ ಕೊಡುವ ಗುಣ ಅದಕ್ಕಿಲ್ಲ. ತಡೆಯುವಷ್ಟು ತಡೆದು ಇದ್ದಕ್ಕಿದ್ದಂತೆ ಮುರಿಯುತ್ತದೆ.

ಯಜಮಾನರಿಗೆ ಹೊಸ ಕೆಲಸವೊಂದು ಸಿಕ್ಕಿತ್ತು. ಲೋಹದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಭಾಗಗಳನ್ನು ಕುಲುಮೆಯಲ್ಲಿಟ್ಟು ಸುಡುತ್ತಾರೆ. ಅವುಗಳನ್ನು ಜೋಡಿಸಿಡುವ ಅಗಲವಾದ ಟ್ರೇಗಳು ಬೇಕಾಗಿದ್ದವು. ಕೊಳ್ಳುವ ಕಂಪನಿಯವರು ಗ್ರಾಫೈಟಿನ ಬಲ ಇಷ್ಟಿರಬೇಕು ಎಂದು ಕಾಲೇಜಿನ ರಿಪೋರ್ಟ್ ಕೇಳಿದ್ದರು. ಅದಕ್ಕಾಗಿ ಯಜಮಾನರು ದಿಮ್ಮಿಯ ಮೂಲೆಯಲ್ಲಿ ಉಳಿದ ಚೂರಿನಿಂದ ಬೆರಳಿನಷ್ಟು ಗಾತ್ರದ ಹತ್ತು ಪಟ್ಟಿ ಕೊಯ್ಸಿ ತಂದಿದ್ದರು.

ಅಕ್ಕ ಹತ್ತನ್ನೂ ಮುರಿದರು. ಎಂಟು ಚೆನ್ನಾಗಿ ತಡೆದವು. ಎರಡು ಬೇಗ ಮುರಿದವು. ಆ ಎರಡನ್ನು ಸೇರಿಸಿದರೆ ಸರಾಸರಿ ಕಂಪನಿ ಕೇಳಿದ್ದಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಬಿಟ್ಟರೆ ಮೇಲೆ.

ಅಕ್ಕ ಭೂತಗನ್ನಡಿ ನನ್ನ ಕೈಗೆ ಕೊಟ್ಟರು. "ಇಲ್ನೋಡಿ ಮೇಡಂ, ಒಳಗಡೆ ಸಣ್ಣ ತೂತು ಐತೆ. ಅಲ್ಲಿಂದಾನೇ ಶುರುವಾಗಿರೋದು."

"ಹಾಗಾದ್ರೆ ಆ ಪೀಸ್‌ಗಳೇ ಸರಿ ಇಲ್ಲ. ಅವೆರಡನ್ನ ಲೆಕ್ಕಕ್ಕೆ ತಗೋಬೇಡಿ" ಎಂದೆ.

"ತೂತು ಇರೋದು ಪೀಸಲ್ಲಿ ಅಲ್ಲ ಮೇಡಂ, ಗ್ರಾಫೈಟಲ್ಲಿ."

ನನಗೆ ರೇಗಿತು. ಅಳತೆಗಳ ಗುಂಪಿನಿಂದ ದೂರ ಬಿದ್ದವನ್ನು ಬಿಡುವ ಪದ್ಧತಿ ಇದೆ, ಪುಸ್ತಕದಲ್ಲಿದೆ, ನಿಮಗೆ ಗೊತ್ತಿಲ್ಲ ಎಂದು ನಾನು ಬಳಸಬಾರದ ದನಿಯಲ್ಲಿ ಹೇಳಿದೆ. ಹುಡುಗರೂ ಅಲ್ಲೇ ಇದ್ದರು. ಅಕ್ಕ ಮತ್ತೆ ಮಾತಾಡಲಿಲ್ಲ. ತಮ್ಮ ನೋಟ್‌ಬುಕ್ಕಿನಲ್ಲಿ ಹತ್ತೂ ಲೆಕ್ಕ ಬರೆದುಕೊಂಡರು. ರಿಪೋರ್ಟಿನಲ್ಲಿ ಎಂಟೇ ಹೋದವು. ಕೆಳಗೆ ಅವರ ಸಹಿ, ಅದರ ಮೇಲೆ ನನ್ನ ಸಹಿ.

ಎರಡು ತಿಂಗಳಾದ ಮೇಲೆ ಯಜಮಾನರು ಮತ್ತೆ ಬಂದರು. ಈ ಸಲ ಸೀದಾ ವಿಭಾಗದ ಮುಖ್ಯಸ್ಥರ, ಅಂದರೆ ಎಚ್ಒಡಿ ಕೋಣೆಗೆ ಹೋದರು. ಕಂಪನಿಯಲ್ಲಿ ತುಂಬಿದ ಟ್ರೇ ಎತ್ತುವಾಗ ಎರಡು ಟ್ರೇ ನಟ್ಟನಡುವೆ ಮುರಿದಿದ್ದವು. ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸಿನ ಕಾಲ ಮೇಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತ್ತು. ಮಾಲು ಸರಿಯಿಲ್ಲ, ಇಲ್ಲವೇ ರಿಪೋರ್ಟ್ ಸುಳ್ಳು ಎಂದು ಕಂಪನಿಯವರು ಕಾಗದ ಬರೆದಿದ್ದರು. ಈ ಕೆಲಸ ಕೈತಪ್ಪಿದರೆ ಯಜಮಾನರು ನಾಲ್ಕು ಜನರನ್ನು ಮನೆಗೆ ಕಳಿಸಬೇಕಾಗುತ್ತಿತ್ತು.

ಎಚ್ಒಡಿ ಇಬ್ಬರನ್ನೂ ಕರೆಯುತ್ತಿದ್ದಾರೆ ಎಂದು ಅಟೆಂಡರ್ ಬಂದು ಹೇಳಿದ. ಅಕ್ಕನ ಮುಖ ನೋಡಿದೆ. ಅವರ ನೋಟ್‌ಬುಕ್ ಮೇಜಿನ ಮೇಲೇ ಇತ್ತು. ಅದನ್ನು ತೆಗೆದುಕೊಂಡು ಹೋಗಿ, 'ನಾನು ಹತ್ತೂ ಬರೆದಿದೀನಿ ಸರ್, ಬಿಟ್ಟಿದ್ದು ಮೇಡಂ' ಎಂದರೆ ಅವರ ಪಾಡಿಗೆ ಅವರು ಪಾರಾಗುತ್ತಿದ್ದರು. ಅಂದು ಹುಡುಗರ ಮುಂದೆ ನಾನು ಆಡಿದ ಮಾತಿಗೆ ಅದು ನ್ಯಾಯವೂ ಆಗುತ್ತಿತ್ತು.

ಕಾರಿಡಾರಿನಲ್ಲಿ ಅಕ್ಕ ಮೆಲ್ಲಗೆ ಹೇಳಿದರು: "ನೀವೇ ಹೇಳ್ಬಿಡಿ ಮೇಡಂ. ನಾನ್ ಹೇಳಿದ್ರೆ ಚಾಡಿ ಹೇಳ್ದಂಗಾಗುತ್ತೆ. ನೀವ್ ಹೇಳಿದ್ರೆ ಅದು ನಡೆದಿದ್ದು ಅಷ್ಟೇ."

ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. 'ಎರಡು ಪೀಸ್ ಬೇಗ ಮುರಿದಿದ್ದವು, ನಾನು ಅವನ್ನು ಕೈಬಿಟ್ಟೆ' ಎಂಬ ಒಂದೇ ವಾಕ್ಯವನ್ನು ಹೇಳಿ ನೆಲ ನೋಡುತ್ತಾ ನಿಂತೆ. ಎಚ್ಒಡಿ ಮುಖ ಕೆಂಪಾಯಿತು. ಕಾಲೇಜಿನ ಹೆಸರು, ಜವಾಬ್ದಾರಿ ಎಂದು ಶುರುಮಾಡಿದರು. ಯಜಮಾನರು ನಡುವೆ ಬಾಯಿ ಹಾಕಿದರು:

"ಆಗಿದ್ದಾಯ್ತು ಬುಡಿ ಸಾರ್. ಆಯಮ್ಮ ನಿಜ ಹೇಳ್ದ್ರಲ್ಲ. ಈಗೇನ್ ಮಾಡೋಣ ಅದನ್ನ ಹೇಳಿ."

ಅಕ್ಕ ಬಾಗಿಲ ಹತ್ತಿರ ನಿಂತವರು ಒಂದು ಹೆಜ್ಜೆ ಮುಂದೆ ಬಂದರು.

"ಒಂದು ಇಡೀ ದಿಮ್ಮಿ ಕೊಡಿ ಯಜಮಾನ್ರೆ. ಪೂರ್ತಿ ಮುರಿದು ನೋಡ್ತೀವಿ."

"ಇಡೀ ದಿಮ್ಮಿನಾ?"

"ಹೂಂ. ಮೂಲೆ ಚೂರು ನೋಡಿ ಮಧ್ಯದ್ದು ಹೆಂಗೈತೆ ಅಂತ ಹೇಳಕ್ಕಾಗಲ್ಲ. ಬೆರಳಷ್ಟು ಪಟ್ಟಿ ನೋಡಿ ಅಷ್ಟಗಲದ ಟ್ರೇ ಹೆಂಗಿರ್ತದೆ ಅಂತಾನೂ ಹೇಳಕ್ಕಾಗಲ್ಲ."

ಯಜಮಾನರು ಸ್ವಲ್ಪ ಹೊತ್ತು ಅಕ್ಕನ ಕರಿ ಮೆತ್ತಿದ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ, "ನಾಳೆ ಗಾಡೀಲಿ ಕಳಿಸ್ತೀನಿ" ಎಂದು ಎದ್ದರು.

ಹೊರಗೆ ಬಂದಾಗ ನನ್ನ ಕಣ್ಣು ತುಂಬಿತ್ತು. ಅಕ್ಕ ನನ್ನ ತೋಳು ಹಿಡಿದು, "ನಡಿಯೇ, ಕಾಫಿ ಕುಡಿಯನ" ಎಂದರು. ಎಂಟು ತಿಂಗಳು 'ಮೇಡಂ, ನೀವು' ಎನ್ನುತ್ತಿದ್ದವರು ಅಂದಿನಿಂದ ನನ್ನನ್ನು ಏಕವಚನಕ್ಕೆ ಇಳಿಸಿದರು. ಹುಡುಗರ ಎದುರು ಮಾತ್ರ ಮತ್ತೆ ಮೇಡಂ ಆಗುತ್ತಿದ್ದೆ.

ಮರುದಿನ ದಿಮ್ಮಿ ಬಂತು. ಹಳೇ ಕಾಲದ ಟ್ರಂಕಿನಷ್ಟು ದೊಡ್ಡದು. ಅಕ್ಕ ಅದರ ಸುತ್ತ ಮೂರು ಸುತ್ತು ಬಂದು, ಸೀಮೆಸುಣ್ಣದಿಂದ ಗೆರೆ ಎಳೆದು, ಪ್ರತಿಯೊಂದು ಚೂರಿಗೂ ಗುರುತು ಹಾಕಿದರು. ಮೇಲಿನ ಪದರವೋ ಕೆಳಗಿನದೋ, ಅಂಚಿನದೋ ಒಳಗಿನದೋ, ಉದ್ದಕ್ಕೆ ಕೊಯ್ದದ್ದೋ ಅಡ್ಡಕ್ಕೆ ಕೊಯ್ದದ್ದೋ ಎಲ್ಲ ಆ ಗುರುತಿನಲ್ಲೇ ತಿಳಿಯಬೇಕು. ಯಜಮಾನರ ವರ್ಕ್‌ಶಾಪಿನವರು ಅದೇ ಪ್ರಕಾರ ಕೊಯ್ದು ಕೊಟ್ಟರು. ಮೂರು ಗಾತ್ರ. ಬೆಂಕಿಕಡ್ಡಿಗಿಂತ ತುಸು ದಪ್ಪನೆಯವು, ಬೆರಳಿನಷ್ಟಿನವು, ಚಪಾತಿ ಲಟ್ಟಣಿಗೆಯಷ್ಟಿನವು.

ಆಮೇಲೆ ಎರಡು ವಾರ ನಮ್ಮ ಲ್ಯಾಬಿನಲ್ಲಿ ಹಬ್ಬ. ಕ್ಲಾಸ್ ಇಲ್ಲದ ಹುಡುಗರೆಲ್ಲ ಅಲ್ಲಿಗೇ ಬರುತ್ತಿದ್ದರು. ಒಬ್ಬರು ಅಳೆಯುವುದು, ಒಬ್ಬರು ಇಡುವುದು, ಒಬ್ಬರು ಬರೆಯುವುದು. ಮುರಿಯುವ ಮುಂಚೆ ಇದು ಎಷ್ಟಕ್ಕೆ ಮುರಿಯುತ್ತದೆ ಎಂದು ಊಹಿಸುವ ಪಂದ್ಯ ಬೇರೆ. ಗೆದ್ದವರಿಗೆ ಅಕ್ಕನ ಡಬ್ಬಿಯಿಂದ ಕೊಬ್ಬರಿ ಮಿಠಾಯಿ. ಗ್ರಂಥಾಲಯದವರು ಸದ್ದು ಜಾಸ್ತಿ ಎಂದು ದೂರು ಹೇಳಲು ಬಂದು, ತಾವೂ ಒಂದು ಪೀಸ್ ಮುರಿದು, ಮಿಠಾಯಿ ತಿಂದು ಹೋದರು. ಎಲ್ಲರ ಮುಖ, ಕೈ, ಪುಸ್ತಕ ಕರ್ರಗಾಗಿತ್ತು. ಯಾವ ರೀಡಿಂಗನ್ನೂ ಬಿಡುವ ಹಾಗಿರಲಿಲ್ಲ. ಕೈಜಾರಿ ಬಿದ್ದು ಒಡೆದ ಒಂದು ಪಟ್ಟಿಯನ್ನೂ ಅಕ್ಕ, 'ಬಿತ್ತು, ಟೆಸ್ಟ್ ಆಗಿಲ್ಲ' ಎಂದು ಬರೆಸಿದರು.

ಲೆಕ್ಕ ಸೇರಿಸಿ ನಕ್ಷೆ ಬರೆದಾಗ ದಿಮ್ಮಿಯ ಒಳಗಿನದೆಲ್ಲ ಕಣ್ಣಿಗೆ ಬಂತು. ಅಂಚಿನಿಂದ ಕೊಯ್ದವು ಗಟ್ಟಿ, ನಡುವಿನವು ಸಡಿಲ. ಉದ್ದಕ್ಕೆ ಕೊಯ್ದವು ಹೆಚ್ಚು ತಡೆದವು, ಅಡ್ಡಕ್ಕೆ ಕೊಯ್ದವು ಕಡಿಮೆ. ಲಟ್ಟಣಿಗೆಯಷ್ಟು ದಪ್ಪದವು ಬೆರಳಷ್ಟಿನವಕ್ಕಿಂತ ಬೇಗ ಸೋತವು. ಅಂದರೆ ಅವುಗಳ ದಪ್ಪಕ್ಕೆ ತಕ್ಕಷ್ಟು ಭಾರವನ್ನು ಅವು ಹೊರಲಿಲ್ಲ. ಇಷ್ಟು ನನಗೆ ಗೊತ್ತಿದ್ದ ಸೂತ್ರಕ್ಕೆ ಸರಿಯಾಗೇ ಇತ್ತು. ದೊಡ್ಡ ತುಂಡಿನಲ್ಲಿ ದೊಡ್ಡ ದೋಷ ಅಡಗಿರುವ ಸಾಧ್ಯತೆ ಹೆಚ್ಚು. ಹಾಗಾದರೆ ಅತಿ ಸಣ್ಣ ಪಟ್ಟಿಗಳು ಎಲ್ಲಕ್ಕಿಂತ ಗಟ್ಟಿ ಇರಬೇಕಲ್ಲವೇ? ಅವು ಗಟ್ಟಿ ಇರಲಿಲ್ಲ. ಕೆಲವು ಮುಟ್ಟಿದರೆ ಮುರಿದಿದ್ದವು. ನಾನು ಎರಡು ದಿನ ಸೂತ್ರ ತಿರುವಿಹಾಕಿದೆ. ತಪ್ಪೆಲ್ಲಿದೆ ಎಂದು ಹೊಳೆಯಲೇ ಇಲ್ಲ.

ಮೂರನೆಯ ದಿನ ಊಟದ ಹೊತ್ತಿನಲ್ಲಿ ಅಕ್ಕ ನಿಪ್ಪಟ್ಟಿನ ಡಬ್ಬಿ ತೆರೆದರು. ಅವರ ಅತ್ತೆ ಮಾಡಿದ್ದು, ಕಡ್ಲೆಕಾಯಿಬೀಜ ಧಾರಾಳವಾಗಿ ಹಾಕಿದ ನಿಪ್ಪಟ್ಟು. ಅಂಗೈ ಅಗಲದ್ದೊಂದನ್ನು ಎತ್ತಿ ಎರಡೂ ಕೈಯಿಂದ ಮುರಿದು ನನಗೆ ತೋರಿಸಿದರು.

"ಎಲ್ಲಿ ಮುರೀತು ನೋಡು."

ಬೀಜ ಇದ್ದಲ್ಲೇ ಮುರಿದಿತ್ತು.

"ಇದರಲ್ಲಿ ಹತ್ತು ಹನ್ನೆರಡು ಬೀಜ ಅವೆ. ಅಷ್ಟರಲ್ಲಿ ಒಂದಾದ್ರೂ ಕೆಟ್ಟ ಜಾಗದಲ್ಲಿ ಕೂತಿರ್ತದೆ. ಅದಕ್ಕೇ ದೊಡ್ಡದು ಬೇಗ ಮುರಿಯೋದು. ಇದು ನಿನ್ನ ಸೂತ್ರ. ಈಗ ಇದು ನೋಡು." ಡಬ್ಬಿಯ ತಳದಿಂದ ರೂಪಾಯಿ ಅಗಲದ ಒಂದು ಪುಟ್ಟ ನಿಪ್ಪಟ್ಟು ತೆಗೆದರು. ಕೊನೆಯಲ್ಲಿ ಉಳಿದ ಹಿಟ್ಟಿನದ್ದಿರಬೇಕು. "ಇದರಲ್ಲಿರೋದು ಒಂದೇ ಬೀಜ. ಆದ್ರೆ ಆ ಬೀಜಾನೇ ಅರ್ಧ ನಿಪ್ಪಟ್ಟು. ಹಿಟ್ಟಿಗೆ ಹಿಡ್ಕೊಳಕ್ಕೆ ಜಾಗ ಎಲ್ಲೈತೆ?"

ಮುರಿದರು. ಪುಡಿಯಾಯಿತು.

ನಾನು ಬಾಯಿ ತೆರೆದು ಕೂತೆ. ಯಜಮಾನರು ತರಿಸುತ್ತಿದ್ದ ಗ್ರಾಫೈಟು ದಪ್ಪ ಕಣದ್ದು. ಬೆಂಕಿಕಡ್ಡಿಯಂಥ ಪಟ್ಟಿಯ ದಪ್ಪದಲ್ಲಿ ಎರಡು ಮೂರು ಕಣಗಳಷ್ಟೇ ಕೂರುತ್ತವೆ. ಅಷ್ಟು ಸಣ್ಣದನ್ನು ಮುರಿದರೆ ಗ್ರಾಫೈಟಿನ ಬಲ ತಿಳಿಯುವುದಿಲ್ಲ, ಒಂದೊಂದು ಕಣದ ಹಣೆಬರಹ ತಿಳಿಯುತ್ತದೆ. ಸಂಜೆ ಹಳೇ ಪುಸ್ತಕಗಳನ್ನು ಹುಡುಕಿದಾಗ ಅದೇ ಮಾತು ಉದ್ದುದ್ದ ವಾಕ್ಯಗಳಲ್ಲಿ ಇತ್ತು. ಅಕ್ಕನಿಗೆ ಓದಿ ಹೇಳಿದೆ.

"ಹೌದಾ? ಅವ್ರ ಮನೇಲೂ ನಿಪ್ಪಟ್ಟು ಮಾಡ್ತಾರೇನೋ" ಎಂದು ನಕ್ಕರು.

ಆಮೇಲಿನ ಕೆಲಸ ಯಜಮಾನರದು. ಟ್ರೇಯ ಉದ್ದ ಗಟ್ಟಿ ದಿಕ್ಕಿನಲ್ಲೇ ಬರುವ ಹಾಗೆ ಕೊಯ್ಯಲು ಶುರುಮಾಡಿದರು. ದಿಮ್ಮಿಯ ನಡುಭಾಗವನ್ನು ಭಾರ ಹೊರದ ಮುಚ್ಚಳಗಳಿಗೆ ಇಟ್ಟರು. ಟ್ರೇಯ ತಳ ಸ್ವಲ್ಪ ದಪ್ಪವಾಯಿತು, ಒಳಮೂಲೆಗಳು ದುಂಡಗಾದವು. ಅಕ್ಕ ಇನ್ನೊಂದು ಮಾತು ಸೇರಿಸಿದರು. "ಎಷ್ಟು ಪಟ್ಟಿ ಮುರಿದ್ರೂ ಟ್ರೇ ಟ್ರೇನೇ. ಒಂದೊಂದ್ನೂ ಇಲ್ಲೇ ಭಾರ ಹಾಕಿ ನೋಡಿ ಕಳಿಸಿ. ಅಲ್ಲಿ ಹೊರೋದಕ್ಕಿಂತ ಜಾಸ್ತಿನೇ ಹಾಕಿ."

ಮೊದಲ ಸಲ ಹಾಗೆ ನೋಡುವ ದಿನ ನಾವಿಬ್ಬರೂ ವರ್ಕ್‌ಶಾಪಿಗೆ ಹೋಗಿದ್ದೆವು. ಹೊಸ ಟ್ರೇಗಳು ಸಾಲಾಗಿ ಕೂತಿದ್ದವು. ಕಂಪನಿಯ ಎಂಜಿನಿಯರ್ ಒಬ್ಬರು ಕೈಕಟ್ಟಿ ನಿಂತಿದ್ದರು. ಟ್ರೇಯ ಎರಡು ತುದಿಗೆ ಆಸರೆ ಕೊಟ್ಟು ಮೇಲೆ ಮರಳಿನ ಚೀಲ ಹೇರುವುದು. ಮೊದಲನೆಯದು ತಡೆಯಿತು, ಎರಡನೆಯದೂ ತಡೆಯಿತು. ಐದನೆಯದಕ್ಕೆ ಕೊನೆಯ ಚೀಲ ಇಟ್ಟ ಕೂಡಲೇ ಟಪ್ ಎಂದು ಎರಡು ತುಂಡಾಯಿತು. ವರ್ಕ್‌ಶಾಪಿನವರೆಲ್ಲ ಉಸಿರು ನಿಲ್ಲಿಸಿದರು. ಎಂಜಿನಿಯರ್ ಕೈ ಬಿಚ್ಚಿದರು.

ಆ ಮೌನದಲ್ಲಿ ಅಕ್ಕ ಒಬ್ಬರೇ ಚಪ್ಪಾಳೆ ತಟ್ಟಿದರು.

"ಇಲ್ಲೇ ಮುರೀತಲ್ಲಪ್ಪಾ" ಎಂದರು. "ಅಲ್ಲಿಗೋಗಿ ಯಾರ ಕಾಲ್ಮೇಲೂ ಬೀಳಲಿಲ್ಲ."

ಯಜಮಾನರಿಗೆ ಮೊದಲು ಅರ್ಥವಾಯಿತು. ಅವರೂ ತಟ್ಟಿದರು. ಆಮೇಲೆ ಎಲ್ಲರೂ. ಎಂಜಿನಿಯರ್ ಕೂಡ ನಗುತ್ತ ಬಂದು, ಬಿದ್ದ ತುಂಡನ್ನು ಎತ್ತಿಕೊಂಡರು. ಅಕ್ಕ ಅವರ ಕೈಗೆ ಭೂತಗನ್ನಡಿ ಕೊಟ್ಟರು. ಅವರಿಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಒಡೆದ ಮುಖದಲ್ಲಿ ತೂತು ಹುಡುಕುತ್ತಿದ್ದ ದೃಶ್ಯ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಉಳಿದವೆಲ್ಲ ತಡೆದವು. ಕೊನೆಗೆ ಮರಳಿನ ಚೀಲ ಸಾಲದೇ ಬಂದಾಗ ಅಕ್ಕ ಸೆರಗು ಸಿಕ್ಕಿಸಿಕೊಂಡು, "ತಡೀರಿ, ನಾನೇ ಕೂತ್ಕೋತೀನಿ" ಎಂದು ಟ್ರೇ ಮೇಲೆ ಕೂತೇಬಿಟ್ಟರು. ಲೆಕ್ಕಕ್ಕೆ ನಿಮ್ಮ ತೂಕ ಬೇಕಲ್ಲ ಎಂದು ನಾನು ಪೆನ್ನು ತೆಗೆದಾಗ, "ಅದನ್ನ ಮಾತ್ರ ಬಿಟ್ಬುಡು ಕಣೇ" ಎಂದರು. ಅಕ್ಕ ನನಗೆ ಬಿಡಲು ಹೇಳಿದ ರೀಡಿಂಗ್ ಅದೊಂದೇ.

ಕೆಲಸ ಉಳಿಯಿತು. ಮನೆಗೆ ಕಳಿಸಬೇಕಾಗಿದ್ದ ನಾಲ್ವರೂ ಉಳಿದರು. ಮೊನ್ನೆಯ ಬೀಳ್ಕೊಡುಗೆಗೆ ಅವರಲ್ಲಿ ಇಬ್ಬರು ಯಜಮಾನರ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು.

ಅಕ್ಕನ ಬಗ್ಗೆ ಇನ್ನೂ ಎಷ್ಟೋ ಇದೆ. ಡಿಪ್ಲೊಮಾ ಓದುವಾಗ ಕ್ಲಾಸಿಗೆ ಇವರೊಬ್ಬರೇ ಹುಡುಗಿಯಂತೆ. ಲೇತ್ ಮಿಷನ್ ಮುಟ್ಟಬೇಡ, ಕೂತು ರೆಕಾರ್ಡ್ ಬರಿ ಎಂದು ಮೇಷ್ಟ್ರು ಹೇಳಿದ್ದರಂತೆ. ಎಲ್ಲರ ರೆಕಾರ್ಡನ್ನೂ ತಾನೇ ಬರೆದುಕೊಡುತ್ತೇನೆ, ಬದಲಿಗೆ ನಿಮ್ಮ ಪಾಲಿನ ಲೇತ್ ಸಮಯ ಕೊಡಿ ಎಂದು ಹುಡುಗರ ಜೊತೆ ಒಪ್ಪಂದ ಮಾಡಿಕೊಂಡರಂತೆ. "ಪರೀಕ್ಷೇಲಿ ಅವ್ರೆಲ್ಲ ಒದ್ದಾಡಿದ್ರು, ಪಾಪ" ಎಂದು ಇಂದಿಗೂ ಮರುಗುತ್ತಾರೆ, ಕಣ್ಣು ಮಾತ್ರ ನಗುತ್ತಿರುತ್ತದೆ. ರೈಲಿನಲ್ಲಿ ದಿನಾ ಜೊತೆಗೆ ಬರುವ ಹೆಂಗಸರಿಗೆಲ್ಲ ಅವರು ಕುಕ್ಕರ್ ರಿಪೇರಿ ಕಲಿಸಿದ್ದಾರೆ. ಕೋಪ ಬಂದದ್ದನ್ನು ಒಂದೇ ಸಲ ನೋಡಿದ್ದೇನೆ. ಮಿಷನ್ ಓಡಿಸದೆಯೇ ರೀಡಿಂಗ್ ಬರೆದಿದ್ದ ಒಬ್ಬ ಹುಡುಗನನ್ನು ಹತ್ತಿರ ಕೂರಿಸಿಕೊಂಡು, "ಏನ್ಲಾ, ಅದು ಹೇಳೋದನ್ನ ಕೇಳೋ ಮುಂಚೆ ನೀನೇ ಹೇಳ್ಬಿಟ್ರೆ ಹೆಂಗ್ಲಾ?" ಎಂದರು. ಅಷ್ಟೇ. ಆ ಹುಡುಗ ಮುಂದಿನ ವಾರವೆಲ್ಲ ಲ್ಯಾಬಿನಲ್ಲೇ ಇದ್ದ.

ನಿವೃತ್ತಿಯಾದ ವಾರವೇ ಅಕ್ಕ ನಮ್ಮೂರಿಗೆ ಬಂದರು. ಹುತ್ರಿದುರ್ಗ ಹತ್ತಬೇಕು ಎಂದು ಹದಿನಾರು ವರ್ಷದಿಂದ ಹೇಳುತ್ತಲೇ ಇದ್ದರು. ಊರಲ್ಲಿ ಅಣ್ಣ, ಅತ್ತಿಗೆ, ಮಕ್ಕಳ ಜೊತೆ ನನ್ನ ಅಮ್ಮ ಇದ್ದಾಳೆ. ಅಮ್ಮನಿಗೂ ಅಕ್ಕನಿಗೂ ವಯಸ್ಸಿನಲ್ಲಿ ನಾಲ್ಕೈದು ವರ್ಷದ ಅಂತರ ಅಷ್ಟೇ.

"ನೀವೇನ್ ಕೆಲ್ಸ ಮಾಡ್ತಿದ್ರಿ?" ಎಂದು ಅಮ್ಮ ಕೇಳಿದಳು.

"ಮುರಿಯೋ ಕೆಲ್ಸ."

"ಸಂಬಳ ಕೊಡ್ತಿದ್ರಾ ಅದಕ್ಕೆ?"

"ಕೊಡ್ತಿದ್ರು ಕಣ್ರೀ. ನಂಗೇ ಆಶ್ಚರ್ಯ."

ಅಮ್ಮ ಲೋಟ ಕೆಳಗಿಟ್ಟು ನಕ್ಕಳು. ಅವಳು ಅಷ್ಟು ಜೋರಾಗಿ ನಗುವುದನ್ನು ಮೊಮ್ಮಕ್ಕಳು ಬಂದು ನಿಂತು ನೋಡಿದರು.

ಬೆಟ್ಟಕ್ಕೆ ನಾನೂ ಅಕ್ಕನೂ ಇಬ್ಬರೇ ಹೋದೆವು. "ಮಂಡಿ ನೋವು, ನಾನೊಲ್ಲೆ" ಎಂದು ಅಮ್ಮ ಉಳಿದಳು. ಕೋಟೆಯ ಬಾಗಿಲುಗಳು ಒಂದಾದ ಮೇಲೊಂದು ದಾಟುತ್ತ, ಪ್ರತಿ ಬಾಗಿಲಲ್ಲೂ ಕೂತು ನೀರು ಕುಡಿಯುತ್ತ, ಹತ್ತುವುದಕ್ಕೆ ಅರ್ಧ ದಿನ ಬೇಕಾಯಿತು. ಮೇಲಿನ ಬಂಡೆಯ ಮೇಲೆ ಗಾಳಿಗೆ ಸೆರಗು ಹಿಡಿದುಕೊಂಡು ಅಕ್ಕ ಕೂತರು. ಕೆಳಗೆ ಕೆರೆಗಳು ಹೊಳೆಯುತ್ತಿದ್ದವು. ಧೈರ್ಯ ಮಾಡಿ ಕೇಳಿದೆ:

"ಅಕ್ಕಾ, ಅವತ್ತು ಎಚ್ಒಡಿ ಮುಂದೆ ನಾನು ಬಾಯಿಬಿಡದೇ ಇದ್ದಿದ್ರೆ ಏನ್ ಮಾಡ್ತಿದ್ರಿ?"

"ನಾನೇ ಹೇಳ್ತಿದ್ದೆ. ನನ್ನ ಸಹಿ ಇಲ್ಲ ಅಂದ್ಕೊಂಡಿದೀಯಾ ಅದರಲ್ಲಿ?" ಎಂದರು. ಆಮೇಲೆ ತಾವಾಗಿಯೇ ಹೇಳಿದರು: "ಎರಡು ತಿಂಗಳು ನಿದ್ದೆ ಸರಿಯಾಗಿ ಬಂದಿರಲಿಲ್ಲ ಕಣೇ. ಹತ್ತು ಬರ್ಕೊಂಡು ಎಂಟಕ್ಕೆ ಸಹಿ ಹಾಕ್ದವ್ಳು ನಾನು. ನೀನು ಹುಡುಗರ ಮುಂದೆ ಏನೋ ಅಂದೆ ಅಂತ ಸಿಟ್ಟಿಗೆ ಸುಮ್ನಾಗ್ಬಿಟ್ಟೆ. ನಿಂದು ಗೊತ್ತಿಲ್ದೆ ಮಾಡಿದ ತಪ್ಪು, ನಂದು ಗೊತ್ತಿದ್ದೂ ಮಾಡಿದ್ದು. ನೀನು ಒಳಗೋಗಿ ಹೇಳ್ದಾಗ ನಂದೂ ಇಳೀತು."

ಅಷ್ಟು ವರ್ಷ ನಾನು ಅವರ ದೊಡ್ಡತನ ಎಂದುಕೊಂಡದ್ದರಲ್ಲಿ ಅವರದೇ ಒಂದು ಭಾರ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅವರ ಕೈ ಹಿಡಿದುಕೊಂಡೆ. ಬೆರಳ ಸಂದಿನ ಕರಿ ಇನ್ನೂ ಹೋಗಿರಲಿಲ್ಲ.

"ಬಿಡು. ಹೊಟ್ಟೆ ಹಸೀತೈತೆ" ಎಂದು ಬುತ್ತಿ ಬಿಚ್ಚಿದರು.

ಇಳಿಯುವಾಗ ನನಗಿಂತ ಮುಂದೆ ಇಳಿದರು. ಮನೆಗೆ ಬಂದು ಅಮ್ಮನ ಎದುರು ಕೂತು ಬೆಟ್ಟದ ಮೇಲೆ ಏನೇನು ಕಂಡಿತು ಎಂದು ಒಂದೊಂದಾಗಿ ಹೇಳಿದರು. ಐವತ್ತು ವರ್ಷ ಅದರ ಬುಡದಲ್ಲೇ ಬಾಳಿದ ಅಮ್ಮ ಹೊಸ ಊರಿನ ಸುದ್ದಿ ಕೇಳುವ ಹಾಗೆ ಕೇಳಿದಳು. ಬಸ್ಸು ಹತ್ತುವ ಮುಂಚೆ ಅಕ್ಕ, "ಮುಂದಿನ ತಿಂಗಳು ಮತ್ತೆ ಬರ್ತೀನಿ. ನೀವೂ ಹೊರಡ್ಬೇಕು. ಮಂಡಿ ನೋವಾದ್ರೆ ಕೂತ್ಕೊಳನ, ನಂಗೇನ್ ಅರ್ಜೆಂಟು?" ಎಂದರು. ಅಮ್ಮ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಆಮೇಲೆ ದಿನಾ ಸಂಜೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆಂದು ಅತ್ತಿಗೆ ಹೇಳಿದಳು.

ಹೋದ ಭಾನುವಾರ ಊರಿಗೆ ಹೋದಾಗ ಜಗುಲಿಯ ಮೇಲೆ ಹೊಸದೊಂದು ಡಬ್ಬಿ ಕಂಡಿತು. ಜನ್ಮದಲ್ಲಿ ಹವಾಯಿ ಚಪ್ಪಲಿ ಬಿಟ್ಟು ಬೇರೆ ಮೆಟ್ಟದ ಅಮ್ಮ, ಕುಣಿಗಲ್ಲಿಗೆ ಹೋಗಿ ಬಿಳಿ ಕ್ಯಾನ್ವಾಸ್ ಶೂ ತಂದಿದ್ದಳು. ಒಂದನ್ನು ಹಾಕಿಕೊಂಡು ಕಾಲು ಮುಂದೆ ಚಾಚಿ, "ಈ ದಾರ ಕಟ್ಟೋದು ತೋರ್ಸೇ" ಎಂದಳು.

ಕೆಳಗೆ ಕೂತು ಕಟ್ಟಿಕೊಟ್ಟೆ. ಎರಡು ಗಂಟು ಹಾಕಲಾ ಎಂದು ಕೇಳಿದೆ.

"ಹಾಕು. ಆಯಮ್ಮ ಜೋರಾಗಿ ನಡೀತಾಳೆ" ಎಂದಳು ಅಮ್ಮ.